ಹೊಲಕ್ಕೂ ಬೇಕು ಹುಲ್ಲಿನ ಸರದಿ: ಮಂಡ್ಯದ ಮಣ್ಣಿನ ಲೆಕ್ಕ

ಮಂಡ್ಯ ಸೀಮೆಯ ರೈತರ ಮನೆಗೆ ದುಡ್ಡು ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು ಕಬ್ಬು, ಭತ್ತ. ಇದು ವರ್ಷಕ್ಕೆ ಒಂದೆರಡು ಸಲ ಬರುವ ದುಡ್ಡು. ಕಾರ್ಖಾನೆ ಬಿಲ್ ಆಗುವವರೆಗೆ ಕಾಯಬೇಕು. ಇನ್ನೊಂದು ಹಾಲು. ಡೇರಿಯ ಬಟವಾಡೆ ಬಂದರೆ ಮನೆ ಖರ್ಚು ನಡೆಯುತ್ತದೆ, ಮಕ್ಕಳ ಫೀಸು ಕಟ್ಟುತ್ತಾರೆ.

ಎರಡೂ ಒಂದೇ ಮನೆಯ ಕಸುಬು. ಆದರೆ ಹಸುವಿಗೂ ಹೊಲಕ್ಕೂ ಈಗ ಸಂಬಂಧ ತೀರಾ ಕಮ್ಮಿಯಾಗಿದೆ. ಹಸು ದಿನವಿಡೀ ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ಹಿಂಡಿ, ಬೂಸಾ ಅಂಗಡಿಯಿಂದ ಬರುತ್ತವೆ. ಎಷ್ಟೋ ಮನೆಗಳಲ್ಲಿ ಒಣ ಹುಲ್ಲನ್ನೂ ದುಡ್ಡು ಕೊಟ್ಟು ತರುತ್ತಾರೆ. ಅತ್ತ ಹೊಲಕ್ಕೆ ಯೂರಿಯಾ, ಡಿಎಪಿ ಸೊಸೈಟಿಯಿಂದ ಬರುತ್ತವೆ. ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಗೆ, ಅಂದರೆ ತರಗಿಗೆ, ಬೆಂಕಿ ಬೀಳುತ್ತದೆ. ಕೊಟ್ಟಿಗೆ ತೊಳೆದ ನೀರು ಗಂಜಲದ ಸಮೇತ ಚರಂಡಿ ಸೇರುತ್ತದೆ. ಹಸು ಮೇವಿಗೆ ಪರದಾಡುತ್ತಿದೆ, ಹೊಲ ಗೊಬ್ಬರಕ್ಕೆ ಪರದಾಡುತ್ತಿದೆ, ಎರಡೂ ಒಂದೇ ಮನೆಯದ್ದು. ಇದನ್ನು ನೋಡಿ ಸುಮ್ನೆ ಇರೋಕೆ ಆಗಲ್ಲ.

2023ರಲ್ಲಿ ಬರ ಬಂದಾಗ ಇದರ ಬಿಸಿ ಚೆನ್ನಾಗಿ ತಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಕನ್ನಂಬಾಡಿ ಕಟ್ಟೆಯಲ್ಲಿ ನೀರಿಲ್ಲದೆ ನಾಲೆ ಬಯಲಿನ ರೈತರೂ ಮೇವು ಹುಡುಕಿಕೊಂಡು ಅಲೆದರು.

ಈ ಸಂಕಟಕ್ಕೆ ಒಂದು ಹಳೆಯ, ಬೇರೆ ದೇಶಗಳಲ್ಲಿ ಗಟ್ಟಿಯಾಗಿ ಪರೀಕ್ಷೆಯಾದ ಉತ್ತರ ಇದೆ. ಬೆಳೆ ಬೆಳೆಯುವ ಹೊಲದಲ್ಲೇ ಎರಡು ಮೂರು ವರ್ಷ ಹುಲ್ಲು ಮತ್ತು ದ್ವಿದಳ ಮೇವು ಬೆಳೆಯುವುದು. ಅದನ್ನು ದನ, ಕುರಿಗೆ ಮೇಯಿಸುವುದು ಇಲ್ಲವೇ ಕೊಯ್ದು ಹಾಕುವುದು. ಆಮೇಲೆ ಉತ್ತು ಮತ್ತೆ ಬೆಳೆ ಇಡುವುದು, ಹುಲ್ಲನ್ನು ಪಕ್ಕದ ತಾಕಿಗೆ, ಅಂದರೆ ಹೊಲದ ಇನ್ನೊಂದು ತುಂಡಿಗೆ, ಸಾಗಿಸುವುದು. ಇಂಗ್ಲೆಂಡಿನಲ್ಲಿ ಇದನ್ನು ಲೇ ಫಾರ್ಮಿಂಗ್ ಎನ್ನುತ್ತಾರೆ. ಇಲ್ಲಿ ಹುಲ್ಲಿನ ಸರದಿ ಎಂದು ಕರೆಯೋಣ.

ಇದು ಮಂಡ್ಯಕ್ಕೆ ಹೊಂದುತ್ತದೆಯೇ? ಹೊಂದುತ್ತದೆ, ಹೊಂದಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅಲ್ಲಿಂದ ಎತ್ತಿ ಇಲ್ಲಿಟ್ಟರೆ ಆಗುವುದಿಲ್ಲ.

ಹುಲ್ಲು ಮೊದಲು ಎಲ್ಲಿತ್ತು

ನಮ್ಮ ಹಿರಿಯರು ಹೊಲದಲ್ಲಿ ಹುಲ್ಲು ಬೆಳೆಯುತ್ತಿರಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ಊರಿಗೊಂದು ಗೋಮಾಳ ಇತ್ತು, ಕೆರೆ ಅಂಗಳ ಇತ್ತು, ಗುಡ್ಡದ ತಪ್ಪಲಿತ್ತು. ಮೈಸೂರು ಸಂಸ್ಥಾನದ ಅಮೃತ ಮಹಲ್ ಕಾವಲುಗಳಂತೂ ದೊಡ್ಡ ವ್ಯವಸ್ಥೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನ ಸಾಕುತ್ತಿದ್ದ ಬೆಣ್ಣೆ ಚಾವಡಿ ಎಂಬ ಇಲಾಖೆಯೇ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಆಯಿತು. ಆ ದನಗಳಿಗೆಂದೇ ಹುಲ್ಲುಗಾವಲು ಕಾಯ್ದಿಡುತ್ತಿದ್ದರು.

ಈ ಏರ್ಪಾಟಿನಲ್ಲಿ ಗೊಬ್ಬರದ ಒಂದು ದಾರಿ ಇತ್ತು. ದನ ಬೆಳಿಗ್ಗೆ ಗೋಮಾಳಕ್ಕೆ ಹೋಗಿ ಮೇಯ್ದು ಬರುತ್ತಿತ್ತು. ರಾತ್ರಿ ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತಿತ್ತು. ಸಗಣಿ ತಿಪ್ಪೆಗೆ, ತಿಪ್ಪೆ ಗೊಬ್ಬರ ಹೊಲಕ್ಕೆ. ಅಂದರೆ ಗೋಮಾಳದ ಸಾರ ದಿನದಿನವೂ ದನದ ಹೊಟ್ಟೆಯಲ್ಲಿ ಊರೊಳಗೆ ಬರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಕುರಿ ಮಂದೆ ನಿಲ್ಲಿಸುತ್ತಿದ್ದರು. ಕುರಿಯವರಿಗೆ ಕಾಳೋ ಕಾಸೋ ಕೊಟ್ಟು ರಾತ್ರಿ ಹೊಲದಲ್ಲಿ ಮಂದೆ ಹಾಕಿಸಿದರೆ ಹಿಕ್ಕೆ, ಗಂಜಲ ಎರಡೂ ನೇರ ಮಣ್ಣಿಗೆ. ಮಳವಳ್ಳಿ ಕಡೆಯ ಬಂಡೂರು ಕುರಿ ಮಾಂಸಕ್ಕೆ ಹೆಸರುವಾಸಿ. ಹೊಲದವನಿಗೆ ಕುರಿ ಎಂದರೆ ನಡೆದಾಡುವ ಗೊಬ್ಬರವೂ ಆಗಿತ್ತು.

ಈಗ ಗೋಮಾಳ ಎಲ್ಲಿದೆ? 1966ರ ಕರ್ನಾಟಕ ಭೂ ಕಂದಾಯ ನಿಯಮಗಳ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಕಾಗದದ ಮೇಲಿನ ಮಾತು ಇದು. ಸಾಗುವಳಿಗೆ, ನಿವೇಶನಕ್ಕೆ, ಶಾಲೆಗೆ, ಸ್ಮಶಾನಕ್ಕೆ, ಒತ್ತುವರಿಗೆ ಹೋಗಿ ಬಹಳಷ್ಟು ಊರುಗಳಲ್ಲಿ ಹೆಸರಿಗೆ ಮಾತ್ರ ಉಳಿದಿದೆ. ಉಳಿದ ಚೂರಿನಲ್ಲೂ ಲಂಟಾನ, ಪಾರ್ಥೇನಿಯಂ. ಬಡವರಿಗೆ ಭೂಮಿ ಸಿಕ್ಕಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆದರೆ ಹುಲ್ಲಿನ ಜಾಗ ಹೋದಾಗ ಹೊಲಕ್ಕೆ ಬರುತ್ತಿದ್ದ ಸಾರವೂ ನಿಂತಿತು. ಆ ಖಾಲಿ ಜಾಗವನ್ನು ಯೂರಿಯಾ ಚೀಲ ತುಂಬಿತು. ಸಾರಜನಕದ ಮಟ್ಟಿಗೆ ತುಂಬಿತು, ಅಷ್ಟೆ.

ಹೊರಗಿದ್ದ ಹುಲ್ಲುಗಾವಲು ಹೋಗಿದೆ. ಅದು ಹಾಗೇ ವಾಪಸ್ಸು ಬರುವುದು ಕಷ್ಟ. ಹಾಗಾಗಿ ಹೊಲದ ಒಳಗೇ ಅದಕ್ಕೆ ಸರದಿ ಕೊಡಬೇಕು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಇದು ಹೇಗೆ ಸಾಧ್ಯ, ಎಲ್ಲಿ ತೊಡಕು ಎಂಬ ವಿವರ.

ಬೇರಿನ ಕೆಲಸ

ಮಣ್ಣು ಪರೀಕ್ಷೆ ಚೀಟಿಯಲ್ಲಿ ಸಾವಯವ ಇಂಗಾಲ ಎಂಬ ಸಾಲು ಇರುತ್ತದೆ. ಶೇ 0.5ಕ್ಕಿಂತ ಕಮ್ಮಿ ಇದ್ದರೆ ಕಡಿಮೆ, 0.75ರವರೆಗೆ ಮಧ್ಯಮ, ಅದಕ್ಕಿಂತ ಮೇಲಿದ್ದರೆ ಹೆಚ್ಚು ಎಂದು ಬರೆಯುತ್ತಾರೆ. ಮಣ್ಣು ನೀರು ಹಿಡಿಯುವುದು, ಮೆದುವಾಗಿರುವುದು, ಎರೆಹುಳು ಬದುಕುವುದು, ಹಾಕಿದ ಗೊಬ್ಬರ ತೊಳೆದುಹೋಗದೆ ಉಳಿಯುವುದು, ಇವೆಲ್ಲ ಆ ಒಂದು ಸಾಲಿಗೆ ಸೇರಿದ ವಿಷಯ. ನಮ್ಮ ಕೆಂಪು ಮರಳು ಮಿಶ್ರಿತ ಮಣ್ಣಿಗೆ ಇಂಗಾಲ ಹಿಡಿದಿಡುವ ಶಕ್ತಿಯೇ ಕಮ್ಮಿ. ಮೇಲಿಂದ ಬಿಸಿಲು. ಸೊಪ್ಪು ಸದೆ ಬೇಗ ಕೊಳೆತು ಇಂಗಾಲ ಗಾಳಿಗೆ ಹೋಗುತ್ತದೆ.

ಒಂದು ಎಕರೆಯ ಮೇಲ್ಪದರ, ಅರ್ಧ ಅಡಿ ಆಳದವರೆಗಿನ ಮಣ್ಣು, ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಇಂಗಾಲ ಶೇ 0.1ರಷ್ಟು ಏರಬೇಕಾದರೆ 900 ಕಿಲೋ ಇಂಗಾಲ ಮಣ್ಣಲ್ಲಿ ಉಳಿಯಬೇಕು. ಹಾಕಿದ ಲೆಕ್ಕವಲ್ಲ, ಉಳಿದ ಲೆಕ್ಕ. ಹಾಕಿದ್ದರಲ್ಲಿ ಬಹುಪಾಲು ಕೊಳೆತು ಹೋಗುತ್ತದೆ. ಒಂದು ಲೋಡ್ ಗೊಬ್ಬರ ಹೊಡೆಸಿದ ವರ್ಷವೇ ಚೀಟಿಯಲ್ಲಿ ಅಂಕಿ ಏರಲಿಲ್ಲ ಎಂದು ಬೇಸರ ಮಾಡಿಕೊಳ್ಳುವವರು ಈ ಲೆಕ್ಕ ನೋಡಬೇಕು.

ಹುಲ್ಲು ಇಲ್ಲಿ ಏನು ಮಾಡುತ್ತದೆ? ಬಹುವಾರ್ಷಿಕ ಹುಲ್ಲಿಗೆ ಸಣ್ಣ ಬೇರು ಲೆಕ್ಕವಿಲ್ಲದಷ್ಟು. ಅವು ಸಾಯುತ್ತಾ ಹುಟ್ಟುತ್ತಾ ಇರುತ್ತವೆ. ಮೇಲೆ ಕೊಯ್ದಾಗಲೆಲ್ಲ ಕೆಳಗೆ ಒಂದಿಷ್ಟು ಬೇರು ಸಾಯುತ್ತದೆ, ಮತ್ತೆ ಚಿಗುರುತ್ತದೆ. ಬೇರಿನಿಂದ ಸಕ್ಕರೆಯಂಥ ರಸ ಒಸರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ತಿಂದು ಅಂಟು ಬಿಡುತ್ತವೆ. ಬೇರಿಗೆ ಹೊಂದಿಕೊಂಡ ಶಿಲೀಂಧ್ರದ ಎಳೆಗಳು ಮಣ್ಣಿನ ಕಣಗಳನ್ನು ಹೆಣೆಯುತ್ತವೆ. ಹೀಗೆ ಮಣ್ಣು ಸಣ್ಣ ಸಣ್ಣ ಉಂಡೆ ಕಟ್ಟುತ್ತದೆ. ಆ ಉಂಡೆಯೊಳಗೆ ಸಿಕ್ಕಿಕೊಂಡ ಇಂಗಾಲ ಬೇಗ ಕೊಳೆಯುವುದಿಲ್ಲ. ಮೇಲೆ ಹರಡಿದ ಸೊಪ್ಪಿಗಿಂತ ಬೇರಿನಿಂದ ಬಂದ ಇಂಗಾಲ ಜಾಸ್ತಿ ಕಾಲ ಉಳಿಯುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಎರಡು ಮೂರು ವರ್ಷ ನೇಗಿಲು ಮುಟ್ಟದಿದ್ದರೆ ಉಂಡೆಗಳು ಒಡೆಯದೆ ಗಟ್ಟಿಯಾಗುತ್ತವೆ. ರೋಟವೇಟರ್ ಒಂದು ಸುತ್ತು ಹೊಡೆದರೆ ಪುಡಿಯಾಗುತ್ತವೆ.

ದ್ವಿದಳದ ಕೆಲಸ ಬೇರೆ. ಕುದುರೆ ಮೆಂತೆ, ಬೇಲಿ ಮೆಂತೆ, ಸ್ಟೈಲೊ, ಅಲಸಂದೆ ಇವುಗಳ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಚೆನ್ನಾಗಿ ಬಂದ ಕುದುರೆ ಮೆಂತೆ ವರ್ಷಕ್ಕೆ ಹೆಕ್ಟೇರಿಗೆ 100 ಕಿಲೋಗೂ ಜಾಸ್ತಿ ಸಾರಜನಕ ಹಿಡಿಯಬಲ್ಲದು. ಎಕರೆಗೆ 40 ಕಿಲೋ ಎಂದುಕೊಂಡರೂ ಎರಡು ಚೀಲ ಯೂರಿಯಾಕ್ಕೆ ಸಮ. ಕಬ್ಬಿಗೆ ಹೆಕ್ಟೇರಿಗೆ 250 ಕಿಲೋ ಸಾರಜನಕ ಕೊಡಿ ಎಂಬ ಶಿಫಾರಸಿದೆ. ಪೂರ್ತಿ ಅದನ್ನು ಮೆಂತೆ ತುಂಬುವುದಿಲ್ಲ, ಆದರೆ ಹೊರೆ ಇಳಿಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಕಬ್ಬೂ ಹುಲ್ಲಿನ ಜಾತಿಯೇ ಅಲ್ವಾ? ಭತ್ತ, ರಾಗಿ ಎಲ್ಲವೂ ಹುಲ್ಲೇ ಅಲ್ವಾ? ಹೌದು. ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬಂತೂ ಎರಡು ಮೂರು ವರ್ಷ ನೆಲದಲ್ಲೇ ಇರುತ್ತದೆ. ತರಗು ಸುಡದೆ ಸಾಲಿನ ಮಧ್ಯೆ ಮುಚ್ಚಿ, ಕಮ್ಮಿ ಉಳುಮೆ ಮಾಡಿದ ಕೂಳೆ ಕಬ್ಬು ಮಣ್ಣಿಗೆ ಒಳ್ಳೆಯದನ್ನೇ ಮಾಡುತ್ತದೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಅದಲ್ಲ. ಕಬ್ಬು ಲಾರಿಯಲ್ಲಿ ಹೋಗುತ್ತದೆ, ಸೋಗೆ ದನಕ್ಕೆ ಹೋಗುತ್ತದೆ, ತರಗು ಬೂದಿಯಾಗುತ್ತದೆ. ಒದ್ದೆ ನೆಲದ ಮೇಲೆ ಟ್ರ್ಯಾಕ್ಟರ್, ಲಾರಿ ಓಡಿ ಮಣ್ಣು ಗಟ್ಟಿಯಾಗುತ್ತದೆ. ಹೊಸ ನಾಟಿಗೆ ಆಳ ಉಳುಮೆ. ದ್ವಿದಳದ ಸುಳಿವಿಲ್ಲ. ಭತ್ತದ ಗದ್ದೆಯಲ್ಲಿ ಕೆಸರು ಮಾಡುವುದೇ ಉಂಡೆ ಒಡೆಯೋಕೆ. ಕಟಾವು ಯಂತ್ರ ಬಂದಮೇಲೆ ಹುಲ್ಲಿಗೂ ಕೆಲವೆಡೆ ಬೆಂಕಿ.

ಗೊಬ್ಬರ ಮತ್ತು ರಸಗೊಬ್ಬರದ ಜಗಳಕ್ಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಒಂದು ಒಳ್ಳೆಯ ಉತ್ತರ ಸಿಕ್ಕಿದೆ. ಅಲ್ಲಿ ಖುಷ್ಕಿ ರಾಗಿಯಲ್ಲಿ 1978ರಿಂದ ಒಂದೇ ಜಾಗದಲ್ಲಿ ಪ್ರಯೋಗ ನಡೆಸುತ್ತಾ ಬಂದರು. ರಸಗೊಬ್ಬರ ಮಾತ್ರ ಹಾಕಿದ ತಾಕಿಗಿಂತ, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಸಗೊಬ್ಬರ ಹಾಕಿದ ತಾಕು ಇಳುವರಿಯಲ್ಲೂ ಇಂಗಾಲದಲ್ಲೂ ಮುಂದೆ ನಿಂತಿತು. ಎರಡೂ ಬೇಕು ಎಂಬುದು ಅದರ ಸಾರ. ಪ್ರಶ್ನೆ ಏನೆಂದರೆ ಹೆಕ್ಟೇರಿಗೆ 10 ಟನ್ ಗೊಬ್ಬರ ತರುವುದು ಎಲ್ಲಿಂದ? ಮೇವಿಲ್ಲದೆ ದನವಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ.

ಉರುಗ್ವೆ ಮತ್ತು ಆಸ್ಟ್ರೇಲಿಯಾ ಕಲಿತದ್ದು

ಇಂಗ್ಲೆಂಡಿನ ವೋಬರ್ನ್ ಎಂಬಲ್ಲಿ ಮರಳು ಮಣ್ಣಿನ ಮೇಲೆ 1938ರಿಂದ ಹುಲ್ಲು ಮತ್ತು ಬೆಳೆ ಸರದಿಯ ಪ್ರಯೋಗ ನಡೆಯುತ್ತಿದೆ. ಹುಲ್ಲು ಬಂದ ತಾಕುಗಳಲ್ಲಿ ಇಂಗಾಲ ಏರಿದೆ, ಬರೀ ಬೆಳೆ ಇಟ್ಟಲ್ಲಿ ಇಳಿದಿದೆ. ಆದರೆ ಏರಿದ್ದು ನಿಧಾನವಾಗಿ, ದಶಕಗಳ ಮೇಲೆ. ಅದು ಚಳಿ ದೇಶ. ನಮ್ಮ ಬಿಸಿಲಿನಲ್ಲಿ ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಹುಲ್ಲು ಹಾಕಿದರೆ ಮೂರು ವರ್ಷದಲ್ಲಿ ಮಣ್ಣು ಬಂಗಾರವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೇಗ ಕಾಣುವುದು ಮಣ್ಣು ಮೆದುವಾಗುವುದು, ನೀರು ಇಂಗುವುದು. ಇಂಗಾಲದ ಅಂಕಿ ಆಮೇಲೆ.

ನಮಗೆ ಹೆಚ್ಚು ಪಾಠ ಇರುವುದು ಉರುಗ್ವೆಯಲ್ಲಿ. ದಕ್ಷಿಣ ಅಮೆರಿಕದ ಆ ಸಣ್ಣ ದೇಶದ ಲಾ ಎಸ್ತಾನ್ಸುವೆಲಾ ಸಂಶೋಧನಾ ಕೇಂದ್ರದಲ್ಲಿ 1963ರಲ್ಲಿ ದೀರ್ಘಕಾಲದ ಪ್ರಯೋಗ ಶುರುವಾಯಿತು. ಮೂರ್ನಾಲ್ಕು ವರ್ಷ ಬೆಳೆ, ಮೂರ್ನಾಲ್ಕು ವರ್ಷ ಹುಲ್ಲು ಮತ್ತು ಕ್ಲೋವರ್‌ನಂಥ ದ್ವಿದಳ. ಬರೀ ಬೆಳೆಯ ತಾಕಿನಲ್ಲಿ ಇಂಗಾಲ ಕರಗಿತು, ಸರದಿಯ ತಾಕಿನಲ್ಲಿ ಬಹುಮಟ್ಟಿಗೆ ಉಳಿಯಿತು, ಮಣ್ಣು ಕೊಚ್ಚಿಹೋಗುವುದೂ ಕಮ್ಮಿಯಾಯಿತು. ರೈತರೂ ಇದನ್ನು ಒಪ್ಪಿ ನಡೆಸಿಕೊಂಡು ಬಂದರು. 2000ದ ನಂತರ ಸೋಯಾ ಬೆಲೆ ಏರಿತು. ಹೊರಗಿನ ದೊಡ್ಡ ಕಂಪನಿಗಳು ಜಮೀನನ್ನು ಗುತ್ತಿಗೆಗೆ ಹಿಡಿದು ವರ್ಷವರ್ಷ ಸೋಯಾ ಬೆಳೆದವು. ಸ್ವಲ್ಪ ವರ್ಷಕ್ಕೆ ಗುತ್ತಿಗೆ ಹಿಡಿದವನು ಮೂರು ವರ್ಷ ಹುಲ್ಲು ಯಾಕೆ ಹಾಕುತ್ತಾನೆ? ಮಣ್ಣು ಕೊಚ್ಚಿಹೋಗತೊಡಗಿತು. ಕೊನೆಗೆ 2013ರಿಂದ ಅಲ್ಲಿನ ಸರ್ಕಾರ ಮಣ್ಣು ಬಳಕೆ ಯೋಜನೆಯನ್ನು ಕಡ್ಡಾಯ ಮಾಡಿತು. ಯಾವ ಬೆಳೆ ಆದಮೇಲೆ ಯಾವುದು, ಮಣ್ಣಿನ ಸವಕಳಿ ಎಷ್ಟಾಗುತ್ತದೆ ಎಂದು ಕೃಷಿ ತಜ್ಞರಿಂದ ಬರೆಸಿ ಸಲ್ಲಿಸಬೇಕು.

ಆಸ್ಟ್ರೇಲಿಯಾದ ಕಥೆ ಬೆಲೆಯದು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಗೋಧಿ ಒಂದು ವರ್ಷ, ತಾನಾಗೇ ಹುಟ್ಟುವ ಕ್ಲೋವರ್ ಮತ್ತು ಮೆಡಿಕ್ ಎಂಬ ದ್ವಿದಳ ಮೇವು ಒಂದೆರಡು ವರ್ಷ, ಅದನ್ನು ಮೇಯಲು ಕುರಿ. ಸಾರಜನಕಕ್ಕೆ ಚೀಲ ಹೊರಬೇಕಿರಲಿಲ್ಲ. ಉಣ್ಣೆಗೆ ಒಳ್ಳೆ ಬೆಲೆ ಇರುವವರೆಗೆ ಚೆನ್ನಾಗಿ ನಡೆಯಿತು. 1991ರಲ್ಲಿ ಉಣ್ಣೆಯ ಬೆಂಬಲ ಬೆಲೆ ವ್ಯವಸ್ಥೆ ಕುಸಿದುಬಿತ್ತು. ಎಷ್ಟೋ ಜನ ಕುರಿ ಕಮ್ಮಿ ಮಾಡಿದರು, ಹುಲ್ಲಿನ ಸರದಿಯೂ ಕಮ್ಮಿಯಾಯಿತು. ಹುಲ್ಲಿನ ಸರದಿ ಉಳಿಯುವುದು, ಬೀಳುವುದು ವಿಜ್ಞಾನದಿಂದಲ್ಲ. ಹುಲ್ಲು ತಿನ್ನುವ ಪ್ರಾಣಿ ಕೊಡುವ ದುಡ್ಡಿನಿಂದ, ಮತ್ತು ಜಮೀನು ಎಷ್ಟು ವರ್ಷ ಕೈಯಲ್ಲಿರುತ್ತದೆ ಎಂಬ ಭರವಸೆಯಿಂದ.

ಈ ಎರಡರಲ್ಲಿ ಮಂಡ್ಯಕ್ಕೆ ಒಂದು ಇದೆ. ಹಾಲಿದೆ. ಹಳ್ಳಿ ಹಳ್ಳಿಯಲ್ಲಿ ಸಂಘ, ಗೆಜ್ಜಲಗೆರೆಯಲ್ಲಿ ಹಾಲು ಒಕ್ಕೂಟ, ಲೀಟರ್‌ಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹ ಧನ. ಹುಲ್ಲನ್ನು ದುಡ್ಡಾಗಿ ಮಾಡುವ ಇಂಥ ವ್ಯವಸ್ಥೆ ಹಿಂದೆ ಈ ನೆಲದಲ್ಲಿ ಇರಲಿಲ್ಲ.

ಎರಡು ಎಕರೆಯ ಲೆಕ್ಕ

ನಮ್ಮಲ್ಲಿ ಎರಡು ಎಕರೆ ಆಸುಪಾಸಿನವರೇ ಜಾಸ್ತಿ. ನೂರಾರು ಎಕರೆಯ ಉರುಗ್ವೆ ರೈತನಂತೆ ಅರ್ಧ ಜಮೀನು ಹುಲ್ಲಿಗೆ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಹಾಗಾದರೆ ಎಷ್ಟು?

ಒಂದು ಹಸುವಿಗೆ ದಿನಕ್ಕೆ ಸುಮಾರು 25 ಕಿಲೋ ಹಸಿ ಮೇವು ಬೇಕು. ವರ್ಷಕ್ಕೆ 9 ಟನ್ ಚಿಲ್ಲರೆ. ನೀರಾವರಿಯಲ್ಲಿ ಹುಲ್ಲು ಮತ್ತು ದ್ವಿದಳ ಸೇರಿ ಎಕರೆಗೆ 40 ಟನ್ ಬರುತ್ತದೆ ಎಂದು ಕಮ್ಮಿಯಾಗೇ ಇಟ್ಟುಕೊಳ್ಳೋಣ. 10 ಗುಂಟೆಗೆ 10 ಟನ್. ಅಂದರೆ 10 ಗುಂಟೆಗೆ ಒಂದು ಹಸು, 20 ಗುಂಟೆಗೆ ಎರಡು. ಎರಡು ಎಕರೆಯನ್ನು 20 ಗುಂಟೆಯ ನಾಲ್ಕು ತಾಕು ಮಾಡಿ. ಯಾವಾಗಲೂ ಒಂದು ತಾಕು ಹುಲ್ಲಿನಲ್ಲಿರಲಿ, ಮೂರು ತಾಕು ಬೆಳೆಯಲ್ಲಿ. ಎರಡು ವರ್ಷಕ್ಕೊಮ್ಮೆ ಹುಲ್ಲು ಪಕ್ಕದ ತಾಕಿಗೆ ಹೋಗಲಿ. ಎಂಟು ವರ್ಷಕ್ಕೆ ಒಂದು ಸುತ್ತು. ಪ್ರತಿ ತಾಕಿಗೂ ಎರಡು ವರ್ಷ ಹುಲ್ಲು, ಆರು ವರ್ಷ ಬೆಳೆ. ಆ ಆರರಲ್ಲಿ ತನಿ ಕಬ್ಬು (ಹೊಸ ನಾಟಿ), ಎರಡು ಕೂಳೆ, ಉಳಿದ ಮೂರು ವರ್ಷ ರಾಗಿ, ಭತ್ತ, ಕಾಳು.

ಎರಡು ಹಸುವಿನ ಸಗಣಿ ದಿನಕ್ಕೆ ಸುಮಾರು 30 ಕಿಲೋ ಎಂದರೂ ವರ್ಷಕ್ಕೆ 11 ಟನ್ ಹಸಿ ಸಗಣಿ. ಗೊಬ್ಬರವಾಗಿ ಕಳಿಯುವಾಗ ಅರ್ಧಕ್ಕೂ ಇಳಿಯಬಹುದು. ಅದೇ ಒಂದೂವರೆ ಎಕರೆ ಬೆಳೆಗೆ ಜಿಕೆವಿಕೆ ಪ್ರಯೋಗದ ಪ್ರಮಾಣಕ್ಕೆ ಹತ್ತಿರ ಬರುತ್ತದೆ. ಯೂರಿಯಾ ಚೀಲ ಸುಮಾರು 266 ರೂಪಾಯಿಗೆ ಸಿಗುವಾಗ ಇದೆಲ್ಲ ಯಾಕೆ ಎನ್ನಿಸುವುದು ಸಹಜ. ಆ ಬೆಲೆ ಅಸಲಿ ಬೆಲೆಯಲ್ಲ, ಉಳಿದದ್ದನ್ನು ಸರ್ಕಾರ ತುಂಬುತ್ತದೆ. ಸಬ್ಸಿಡಿ ಚೀಲಕ್ಕೆ ಸಿಗುತ್ತದೆ, ಮೆಂತೆ ಬೀಜಕ್ಕೆ ಅಷ್ಟು ಸಿಗುವುದಿಲ್ಲ. ರೈತರು ಚೀಲದ ಕಡೆ ವಾಲಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಬೆಳೆ ಸರದಿ ಎಂಬುದು ನಾಲೆ ಅಚ್ಚುಕಟ್ಟುಗಳಿಗೆ ಹೊಸದೂ ಅಲ್ಲ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಕೆಲಸದಲ್ಲಿದ್ದಾಗಲೇ ದಖನ್ ನಾಲೆಗಳಿಗೆ ಬ್ಲಾಕ್ ಪದ್ಧತಿ ತಂದಿದ್ದರು. ಅಚ್ಚುಕಟ್ಟನ್ನು ಬ್ಲಾಕ್ ಮಾಡಿ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದದ್ದಕ್ಕೆ ಭತ್ತ ಮತ್ತು ಕಮ್ಮಿ ನೀರಿನ ಬೆಳೆ, ಹೀಗೆ ಸರದಿ. ನೀರು ಹಂಚಿಕೆ ಮತ್ತು ಮಣ್ಣಿನ ಆರೋಗ್ಯ ಎರಡನ್ನೂ ಒಟ್ಟಿಗೆ ನೋಡಿದ ಯೋಚನೆ ಅದು. ಅದರಲ್ಲಿ ಹುಲ್ಲು ಇರಲಿಲ್ಲ, ಆಗ ಗೋಮಾಳ ಇತ್ತಲ್ಲ.

ಎಡವುವ ಜಾಗಗಳು

ಈಗಾಗಲೇ ನಾವು ಸೀಮೆ ಹುಲ್ಲು ಹಾಕಿದ್ದೀವಲ್ಲ ಎಂದು ಕೆಲವರು ಹೇಳಬಹುದು. ಬದುವಿನ ಮೇಲೆ, ಮೋರಿ ಪಕ್ಕ, ಹೊಲದ ಮೂಲೆಯಲ್ಲಿ ನೇಪಿಯರ್ ಇದ್ದೇ ಇದೆ. ಒಳ್ಳೆಯದು. ಆದರೆ ಅದು ಸರದಿಯಲ್ಲ. ಅದೇ ಜಾಗದಲ್ಲಿ ಎಂಟು ಹತ್ತು ವರ್ಷ ನಿಂತ ನೇಪಿಯರ್ ಕೂಡ ಒಂದು ಬೆಳೆಯೇ, ಅದೂ ಭಾರೀ ತಿನ್ನುವ ಬೆಳೆ. ವರ್ಷಕ್ಕೆ ಐದಾರು ಸಲ ಕೊಯ್ದು ಹೊರಗೆ ಸಾಗಿಸುವಾಗ ಸಾರಜನಕ, ಮುಖ್ಯವಾಗಿ ಪೊಟ್ಯಾಷ್, ಮೂಟೆಗಟ್ಟಲೆ ಹೋಗುತ್ತದೆ. ಸಗಣಿ, ಗಂಜಲ ಅದೇ ತಾಕಿಗೆ ವಾಪಸ್ಸು ಬರದಿದ್ದರೆ ಹುಲ್ಲೂ ಮಣ್ಣನ್ನು ಬರಿದು ಮಾಡುತ್ತದೆ. ಹುಲ್ಲು ಮಾರುವವರು ಇದನ್ನು ನೆನಪಿಡಬೇಕು.

ದನ ತಿಂದ ಸಾರಜನಕದ ಸುಮಾರು ಮುಕ್ಕಾಲು ಪಾಲು ಸಗಣಿ, ಗಂಜಲದಲ್ಲಿ ಹೊರಬರುತ್ತದೆ. ಅದರಲ್ಲೂ ದೊಡ್ಡ ಪಾಲು ಗಂಜಲದಲ್ಲಿ. ನಾವು ಸಗಣಿಯನ್ನು ಜೋಪಾನ ಮಾಡುತ್ತೇವೆ, ಗಂಜಲವನ್ನು ಚರಂಡಿಗೆ ಬಿಡುತ್ತೇವೆ. ಕೊಟ್ಟಿಗೆಗೆ ಕಾಂಕ್ರೀಟ್ ಹಾಕಿಸುವಾಗ ಒಂದು ಸಣ್ಣ ಗಂಜಲ ಗುಂಡಿ ಕಟ್ಟಿಸಿದರೆ, ಇಲ್ಲವೇ ತರಗು, ಹೊಟ್ಟು ಹಾಸಿ ಗಂಜಲ ಹೀರಿಸಿದರೆ, ಇಡೀ ಲೆಕ್ಕ ಬದಲಾಗುತ್ತದೆ. ಸುಡುವ ತರಗಿಗೂ ಒಂದು ಕೆಲಸ ಸಿಗುತ್ತದೆ.

ಯಾವ ಮೇವು ಎಂಬುದು ಜಾಗ ನೋಡಿ. ನಾಲೆ ನೀರು, ಬೋರ್‌ವೆಲ್ ಇರುವಲ್ಲಿ ಗಿನಿ ಹುಲ್ಲಿನ ಜೊತೆ ಕುದುರೆ ಮೆಂತೆ ಅಥವಾ ಬೇಲಿ ಮೆಂತೆ. ಎರಡೇ ವರ್ಷಕ್ಕೆ ಕಿತ್ತು ಸಾಗಿಸುವುದಾದರೆ ನೇಪಿಯರ್‌ಗಿಂತ ಗಿನಿ ವಾಸಿ. ನಾಗಮಂಗಲ, ಕೆ.ಆರ್. ಪೇಟೆಯ ಖುಷ್ಕಿಯಲ್ಲಿ ಸ್ಟೈಲೊ ಮತ್ತು ಅಂಜನ್ ಹುಲ್ಲು ತಡೆದುಕೊಳ್ಳುತ್ತವೆ. ಅಲ್ಲಿ ಇಳುವರಿ ಕಮ್ಮಿ, ಹಾಗಾಗಿ ಹಸುವಿಗಿಂತ ಕುರಿ ಮೇಯಿಸುವುದು ಲೆಕ್ಕಕ್ಕೆ ಬರುತ್ತದೆ. ಬರೀ ಕುದುರೆ ಮೆಂತೆಯನ್ನು ಹಸಿಯಾಗಿ ಹೊಟ್ಟೆ ತುಂಬ ಹಾಕಿದರೆ ಹಸುವಿಗೆ ಹೊಟ್ಟೆ ಉಬ್ಬರ ಬರುತ್ತದೆ. ಹುಲ್ಲಿನ ಜೊತೆ ಬೆರೆಸಿಯೇ ಹಾಕಬೇಕು.

ಹುಲ್ಲು ಕಿತ್ತ ಮೇಲೆ ಏನು ಇಡಬೇಕು ಎಂಬುದರಲ್ಲೇ ಅರ್ಧ ಜಾಣತನ ಇದೆ. ಉತ್ತ ಕೂಡಲೇ ಬೇರು ಕೊಳೆತು ಸಾರಜನಕ ಒಮ್ಮೆಗೇ ಬಿಡುಗಡೆಯಾಗುತ್ತದೆ. ಆಗ ಹೊಲ ಖಾಲಿ ಬಿಟ್ಟರೆ ಮಳೆಗೆ ಅದು ನೈಟ್ರೇಟ್ ಆಗಿ ಕೆಳಗಿಳಿದು ಬಾವಿ ನೀರು ಸೇರುತ್ತದೆ. ತಕ್ಷಣ ರಾಗಿ ಅಥವಾ ಮುಸುಕಿನ ಜೋಳ ಇಡಬೇಕು, ಯೂರಿಯಾ ಕಮ್ಮಿ ಮಾಡಬೇಕು. ಕಮ್ಮಿ ಮಾಡದಿದ್ದರೆ ರಾಗಿ ಎತ್ತರ ಬೆಳೆದು ಮಲಗುತ್ತದೆ. ನೇರವಾಗಿ ಕೆಸರು ಮಾಡಿ ಭತ್ತ ನಾಟಿ ಮಾಡುವುದು ಒಳ್ಳೆಯದಲ್ಲ. ಹಸಿ ಬೇರು ನಿಂತ ನೀರಿನಲ್ಲಿ ಕೊಳೆತರೆ ಮೀಥೇನ್ ಜಾಸ್ತಿ ಏಳುತ್ತದೆ. ನೇರವಾಗಿ ಕಬ್ಬು ಇಡುವುದರಲ್ಲೂ ಅಪಾಯ ಇದೆ. ಗೊಣ್ಣೆ ಹುಳುವಿಗೆ ಹುಲ್ಲಿನ ಬೇರೂ ಇಷ್ಟ, ಕಬ್ಬಿನ ಬೇರೂ ಇಷ್ಟ. ಹುಲ್ಲು, ಆಮೇಲೆ ರಾಗಿ, ಆಮೇಲೆ ಭತ್ತ, ಕೊನೆಗೆ ಕಬ್ಬು ಎಂಬ ಕ್ರಮ ಇಟ್ಟುಕೊಂಡರೆ ಭತ್ತದ ನಿಂತ ನೀರಿಗೆ ಹುಳು ಸಾಯುತ್ತದೆ.

ಹಸುವಿನ ಮೀಥೇನ್ ಬಗ್ಗೆಯೂ ಮಾತಾಡಲೇಬೇಕು. ಪರಿಸರ ಉಳಿಸೋಕೆ ಹಸು ಹೆಚ್ಚಿಸಿ ಎಂದರೆ ಅದು ಸರಿಯಾದ ಮಾತಲ್ಲ. ನಾನು ಹೇಳುತ್ತಿರುವುದು ಈಗಾಗಲೇ ಇರುವ ಹಸುಗಳಿಗೆ ಮನೆಯ ಹೊಲದ ಮೇವು ಸಿಗಲಿ ಎಂದು. ಬರೀ ಒಣ ಹುಲ್ಲು ತಿನ್ನುವ ಹಸುವಿಗಿಂತ ಹಸಿ ಮೇವು, ದ್ವಿದಳ ತಿನ್ನುವ ಹಸು ಒಂದು ಲೀಟರ್ ಹಾಲಿಗೆ ಬಿಡುವ ಮೀಥೇನ್ ಕಮ್ಮಿ.

ಚೌಳು ಹಿಡಿದ ತಗ್ಗು ಗದ್ದೆಗಳ ಮಾತು ಬೇರೆ. ನಾಲೆ ಬಯಲಿನಲ್ಲಿ ನೀರು ಬಸಿಯದೆ ಉಪ್ಪು ಮೇಲೆದ್ದ ಜಾಗಗಳಿವೆ. ಅಲ್ಲಿ ಮೊದಲು ಬಸಿಗಾಲುವೆ ಬೇಕು, ಅದಿಲ್ಲದೆ ಯಾವ ಬೆಳೆಯೂ ಉಳಿಯುವುದಿಲ್ಲ. ಬಸಿಗಾಲುವೆ ಜೊತೆಗೆ ಹುಲ್ಲು ದೊಡ್ಡ ಸಹಾಯ ಮಾಡುತ್ತದೆ. ಹರಿಯಾಣದ ಕರ್ನಾಲ್‌ನಲ್ಲಿ 1969ರಲ್ಲಿ ಶುರುವಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಕ್ಷಾರ ಮಣ್ಣಿನಲ್ಲಿ ಕರ್ನಾಲ್ ಹುಲ್ಲು ಬೆಳೆಸಿ ತೋರಿಸಿತು. ಬೇರು ಉಸಿರಾಡುವಾಗ ಬಿಡುವ ಇಂಗಾಲದ ಡೈಆಕ್ಸೈಡ್ ಮಣ್ಣಿನ ಸುಣ್ಣವನ್ನು ಕರಗಿಸುತ್ತದೆ, ಆ ಸುಣ್ಣದ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದೂಡುತ್ತದೆ. ಉಪ್ಪಿಗೆ ರೋಡ್ಸ್ ಹುಲ್ಲು, ಜೌಗಿಗೆ ಪ್ಯಾರಾ ಹುಲ್ಲು ತಾಳುತ್ತವೆ. ಏನೂ ಬಾರದೆ ಬೀಳು ಬಿಟ್ಟ ಇಂಥ ತುಂಡಿನಲ್ಲಿ ಹುಲ್ಲು ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಪಕ್ಕದ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರೂ ಇದನ್ನು ಗಮನಿಸಬೇಕು. ಅಲ್ಲಿ ಬೇರುಗಂಟು ರೋಗ ತರುವ ಜಂತುಹುಳು ದೊಡ್ಡ ಕಾಟ. ಜಿಂಬಾಬ್ವೆಯ ತಂಬಾಕು ರೈತರು ಇದೇ ಹುಳುವನ್ನು ತಗ್ಗಿಸಲು ಕಟಂಬೋರಾ ಎಂಬ ರೋಡ್ಸ್ ಹುಲ್ಲಿನ ತಳಿಯನ್ನು ತಂಬಾಕಿನ ಜೊತೆ ಸರದಿಯಲ್ಲಿ ಬೆಳೆಯುತ್ತಾ ಬಂದಿದ್ದಾರೆ.

ಜಮೀನು ಯಾರ ಕೈಯಲ್ಲಿದೆ

ಎಲ್ಲಕ್ಕಿಂತ ದೊಡ್ಡ ತೊಡಕು ಗುತ್ತಿಗೆ. ಮಕ್ಕಳು ಬೆಂಗಳೂರು ಸೇರಿದ ಮನೆಗಳ ಜಮೀನನ್ನು ಊರಲ್ಲಿದ್ದವರು ವಾರಕ್ಕೋ (ಬೆಳೆಯಲ್ಲಿ ಪಾಲಿಗೆ) ಗುತ್ತಿಗೆಗೋ ಮಾಡುತ್ತಾರೆ. 1974ರ ಭೂ ಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟ ಆ ಕಾನೂನಿನ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ಈಗ ನಡೆಯುವ ಗುತ್ತಿಗೆಗೆ ಕಾಗದವೇ ಇಲ್ಲ. ಬರೀ ಬಾಯಿ ಮಾತು, ವರ್ಷ ವರ್ಷದ ಲೆಕ್ಕ. ಉರುಗ್ವೆಯಲ್ಲಿ ಕಂಪನಿ ಹುಲ್ಲು ಹಾಕದಿರಲು ಯಾವ ಕಾರಣವೋ, ಇಲ್ಲಿ ಬಡ ಗುತ್ತಿಗೆದಾರ ಹುಲ್ಲು ಹಾಕದಿರಲೂ ಅದೇ ಕಾರಣ. ಮುಂದಿನ ವರ್ಷ ಜಮೀನು ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದವನು ಮಣ್ಣಿಗೆ ಯಾಕೆ ದುಡ್ಡು ಹಾಕುತ್ತಾನೆ? ಒಡೆತನಕ್ಕೆ ಧಕ್ಕೆ ಬಾರದಂತೆ ಮೂರ್ನಾಲ್ಕು ವರ್ಷದ ಬರಹದ ಒಪ್ಪಂದಕ್ಕೆ ದಾರಿ ಮಾಡಿಕೊಡದೆ ಮಣ್ಣಿನ ಆರೋಗ್ಯದ ಯಾವ ಯೋಜನೆಯೂ ಈ ಜಮೀನುಗಳನ್ನು ಮುಟ್ಟುವುದಿಲ್ಲ.

ಇನ್ನೊಂದು ಕೆಲಸ ಹಾಲು ಒಕ್ಕೂಟಗಳ ಕೈಯಲ್ಲಿದೆ. ಮೇವಿನ ಬೀಜ, ಕಡ್ಡಿ, ಮೇವು ಕತ್ತರಿಸುವ ಯಂತ್ರಕ್ಕೆ ಅವು ಸಹಾಯ ಕೊಡುವುದುಂಟು. ಆ ಸಹಾಯದ ಒಂದು ಪಾಲನ್ನು ಸರದಿಗೆ ಕಟ್ಟಬಹುದು. ಹುಲ್ಲನ್ನು ಹಳೆಯ ತಾಕಿನಿಂದ ಹೊಸ ತಾಕಿಗೆ ಸಾಗಿಸಿದವರಿಗೆ, ದ್ವಿದಳ ಬೆರೆಸಿದವರಿಗೆ, ಗಂಜಲ ಗುಂಡಿ ಕಟ್ಟಿಸಿದವರಿಗೆ ಕೊಡಬಹುದು. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನಾಲೆಗೆ ನೀರು ಬಿಡುವಾಗ ಕೊನೆ ಭಾಗದ ತೂಬಿನ ರೈತರಿಗೆ ಭತ್ತದ ಬದಲು ಮೇವು ಬೆಳೆಯುವ ಆಯ್ಕೆಯನ್ನು ಮೊದಲೇ ಹೇಳಬೇಕು, ಬೀಜದ ಸಮೇತ. ಕಟ್ಟೆಯಲ್ಲಿ ನೀರಿಲ್ಲ ಎಂದು ಆಗಸ್ಟ್‌ನಲ್ಲಿ ಹೇಳಿದರೆ ಯಾರಿಗೂ ಉಪಯೋಗ ಇಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಈ ಎಂಟು ವರ್ಷದ ಸುತ್ತನ್ನು ಒಂದೆರಡು ಎಕರೆಯಲ್ಲಿ ಹಾಕಿ ರೈತರಿಗೆ ತೋರಿಸಬೇಕು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಇಂಡಾಫ್ ಎಂಬ ರಾಗಿ ತಳಿಗಳಿಗಾಗಿ ದುಡಿದ ಜಾಗ ಅದು, ರೈತರಿಗೆ ಅದರ ಮೇಲೆ ನಂಬಿಕೆ ಇದೆ.

ಅಲ್ಲಿಯವರೆಗೆ ಕಾಯಬೇಕಿಲ್ಲದವರು ಸ್ವಂತ ಜಮೀನಿನವರು. ಇಳುವರಿ ಬಿದ್ದ ಮೂರನೆಯ ಕೂಳೆಯನ್ನು ನಾಲ್ಕನೆಯದಕ್ಕೆ ಎಳೆಯುವ ಬದಲು ಅದೇ ತಾಕನ್ನು ಆರಿಸಿಕೊಳ್ಳಬಹುದು. ಬೇರು ಕಿತ್ತು, ತರಗನ್ನು ಸುಡದೆ ಮಣ್ಣಿಗೆ ಸೇರಿಸಿ, ಮುಂಗಾರು ಹಿಡಿದ ಮೇಲೆ ಗಿನಿ ಹುಲ್ಲಿನ ಬುಡ ನೆಟ್ಟು, ಎರಡು ಸಾಲಿನ ಮಧ್ಯೆ ಬೇಲಿ ಮೆಂತೆ ಬಿತ್ತಬಹುದು. ಅದಕ್ಕೂ ಮೊದಲು ಆ ತಾಕಿನ ಮಣ್ಣು ಪರೀಕ್ಷೆ ಮಾಡಿಸಿ ಚೀಟಿ ಎತ್ತಿಡಿ. ಎರಡು ವರ್ಷದ ನಂತರ ಅದೇ ಜಾಗದ, ಅದೇ ಆಳದ ಮಣ್ಣನ್ನು ಮತ್ತೆ ಪರೀಕ್ಷೆಗೆ ಕೊಡಿ.